ಯಾವ ಹಳ್ಳ? ತಾಲ್ಲೂಕು ಕೋರ್ಟಿನ ಹೊಸ ವಕೀಲರಿಗೆ



ಬೆಳಿಗ್ಗೆ ನೀವೆಲ್ಲ ಕುಪ್ಪಳ್ಳಿಯಲ್ಲಿ ಕುವೆಂಪು ಅವರ ಕವಿಮನೆ ನೋಡಿ, ಕವಿಶೈಲ ಹತ್ತಿ ಇಳಿದು, ಈ ವಿಚಾರ ಸಂಕಿರಣಕ್ಕೆ ಬಂದಿದ್ದೀರಿ. ಮಳೆ ನಿಂತಿದ್ದರೂ ದಾರಿಯ ಕೆಮ್ಮಣ್ಣು ನಿಮ್ಮ ಕಾಲಿಗೆ ಅಂಟಿಕೊಂಡು ಇಲ್ಲಿಯವರೆಗೆ ಬಂದಿದೆ. ನಮ್ಮ ವೃತ್ತಿಯ ಮಾತನ್ನು ಆ ಮಣ್ಣಿನಿಂದಲೇ ಶುರು ಮಾಡುತ್ತೇನೆ.

ವಕೀಲಿ ಶುರು ಮಾಡಿ ಎರಡನೆಯ ವರ್ಷವಿರಬೇಕು. ಹೊಸನಗರದ ಕಡೆಯ ಒಬ್ಬ ಅಜ್ಜಿ ನಮ್ಮ ಸೀನಿಯರ್ ಕಚೇರಿಗೆ ಬಂದರು. ಒಂದೆಕರೆಗೂ ಕಡಿಮೆ ಅಡಿಕೆ ತೋಟ. ಪಕ್ಕದವರು ಬೇಲಿ ಒತ್ತುತ್ತಿದ್ದಾರೆ, ತಡೆಯಾಜ್ಞೆ ಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡಿದ್ದ ಪಹಣಿ, ಹಳೆಯ ಪಾಲುಪಟ್ಟಿ, ಕಂದಾಯದ ರಸೀದಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಸೀನಿಯರ್ ಬೇರೆ ಕೇಸಿನಲ್ಲಿದ್ದರು. ದಾವೆಯ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಜ್ಜಿ ಅರ್ಧ ಗಂಟೆ ಮಾತಾಡಿದರು. ಆ ಮಾತಿನ ನಡುವೆ ಎರಡು ಮೂರು ಸಲ 'ಹಳೇ ಹಳ್ಳ' ಅಂದರು, ಒಂದು ಸಲ 'ಹೊಸ ಹಳ್ಳ' ಅಂದರು. ನಾನು ತಲೆಯಾಡಿಸಿದೆ. ಆಮೇಲೆ ಪಾಲುಪಟ್ಟಿಯಲ್ಲಿದ್ದ ಚಕ್ಕುಬಂದಿಯನ್ನೇ ಇದ್ದ ಹಾಗೆ ಇಂಗ್ಲಿಷಿಗೆ ಇಳಿಸಿದೆ: ಪೂರ್ವಕ್ಕೆ ಹಳ್ಳ.

ಪಾಟೀಸವಾಲಿನ ದಿನ ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ. 'ಯಾವ ಹಳ್ಳ?'

ಅಜ್ಜಿ ನಿಜ ಹೇಳಿದರು. ಒಂದು ದೊಡ್ಡ ಮಳೆಗಾಲದಲ್ಲಿ ಹಳ್ಳ ದಾರಿ ಬದಲಿಸಿತ್ತು. ಹಳೆಯ ಪಾತ್ರಕ್ಕೂ ಹೊಸ ಪಾತ್ರಕ್ಕೂ ನಡುವೆ ಉಳಿದ ಹತ್ತಾರು ಅಡಿಕೆ ಮರಗಳದ್ದೇ ತಕರಾರು. ಅದನ್ನು ಅವರು ನನಗೆ ಮೊದಲ ದಿನವೇ ಹೇಳಿದ್ದರು. ದಾವೆಯಲ್ಲಿ ಮಾತ್ರ ಅದು ಇರಲಿಲ್ಲ. ಆಮೇಲೆ ತಿದ್ದುಪಡಿ ಅರ್ಜಿ, ಅದಕ್ಕೆ ತಕರಾರು, ಕೋರ್ಟ್ ಕಮಿಷನರ್ ನೇಮಕ, ಅಳತೆ, ವರದಿ, ವರದಿಗೆ ಆಕ್ಷೇಪಣೆ. ನಾಲ್ಕು ವರ್ಷ ಹೋಯಿತು. ಈಗಿನ ನಿಯಮದಲ್ಲಾದರೆ ವಿಚಾರಣೆ ಶುರುವಾದ ಮೇಲೆ ಅಂಥ ತಿದ್ದುಪಡಿ ಸಿಗುವುದು ಇನ್ನೂ ಕಷ್ಟ. ಆ ನಾಲ್ಕು ವರ್ಷ ಪ್ರತಿ ವಾಯಿದೆಗೂ ಅವರು ಬಸ್ಸಿನಲ್ಲಿ ಬಂದು, ಕೋರ್ಟಿನ ಜಗಲಿಯಲ್ಲಿ ಕೂತು, ಮುಂದಿನ ತಾರೀಖು ಕೇಳಿಕೊಂಡು ವಾಪಸು ಹೋಗುತ್ತಿದ್ದರು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ತಪ್ಪು ನನ್ನದೆಂದು ಅವರಿಗೆ ಗೊತ್ತೇ ಇರಲಿಲ್ಲ. ನನಗೆ ಗೊತ್ತಿತ್ತು.

ನಾನು ಓದಿದ ಯಾವ ಪಠ್ಯದಲ್ಲೂ ಈ ಪಾಠ ಇರಲಿಲ್ಲ. ಕಕ್ಷಿದಾರರು ಕನ್ನಡದಲ್ಲಿ, ಅದರಲ್ಲೂ ತಮ್ಮ ಊರಿನ ಕನ್ನಡದಲ್ಲಿ ಹೇಳಿದ್ದನ್ನು ಕಾನೂನಿನ ಕಾಗದಕ್ಕೆ ಸೋರದಂತೆ ಸಾಗಿಸುವುದೇ ವಕೀಲನ ಮೊದಲ ಕೆಲಸ. ವಾದ, ಪೂರ್ವನಿದರ್ಶನ, ತೀರ್ಪು ಎಲ್ಲವೂ ಆಮೇಲಿನವು. ಈ ಸಂಕಿರಣಕ್ಕೆ ನನ್ನ ಆಶಯವೂ ಇದರಲ್ಲೇ ಇದೆ. ಆ ಭಾಷೆ ಬಲ್ಲ ಮಕ್ಕಳು ತಾಲ್ಲೂಕು ಕೋರ್ಟನ್ನು ಬೇರೆಲ್ಲೂ ಕೆಲಸ ಸಿಗದವರ ಜಾಗವೆಂದು ತಿಳಿಯಬಾರದು. ಹಾಗೆ ತಿಳಿಯದಂತೆ ನೋಡಿಕೊಳ್ಳುವ ಹೊಣೆ ಈ ಸಭೆಯ ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮದು.

ಒಂದು ಪದದ ಅಳತೆಗಾಗಿ ಇಡೀ ಊರು ಎದ್ದು ನಿಂತ ನೆಲ ಇದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಬೇರಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದಲ್ಲಿ. ಕೊಳಗ ಎಂದರೆ ಎಷ್ಟು ಸೇರು? ಒಡೆಯರ ಲೆಕ್ಕ ಒಂದು, ಒಕ್ಕಲಿನ ಲೆಕ್ಕ ಇನ್ನೊಂದು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ಸಮಾಜವಾದಿಗಳು ಸೇರಿದರು, ಶಾಂತವೇರಿ ಗೋಪಾಲಗೌಡರು ದುಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕಾನೂನಿನ ವಿದ್ಯಾರ್ಥಿಗಳು ಕಾಗೋಡನ್ನು ರಾಜಕೀಯ ಚರಿತ್ರೆಯಾಗಿ ಓದಿದರೆ ಸಾಲದು. ಒಪ್ಪಂದದ ಒಂದು ಪದಕ್ಕೆ ಯಾರು ಅರ್ಥ ಕೊಡಬೇಕು ಎಂಬ ಪ್ರಶ್ನೆ ಅದು.

ಅದೇ ಕಾಲದಲ್ಲಿ ಇದೇ ತೀರ್ಥಹಳ್ಳಿ ತಾಲ್ಲೂಕಿನ ವಕೀಲರೊಬ್ಬರು ಶಾಸನದ ಕಡೆಯಿಂದ ಅದೇ ಗಂಟಿಗೆ ಕೈ ಹಾಕಿದ್ದರು. ಕಡಿದಾಳ್ ಮಂಜಪ್ಪನವರು. 1956ರ ಆಗಸ್ಟಿನಿಂದ ಅಕ್ಟೋಬರ್ ಕೊನೆಯವರೆಗೆ, ಏಕೀಕರಣದ ಮುನ್ನಾದಿನದ ತನಕ, ಮೈಸೂರಿನ ಮುಖ್ಯಮಂತ್ರಿಯಾಗಿದ್ದರು ಎಂಬುದು ನಿಮಗೆ ಗೊತ್ತು. ನನಗೆ ಅವರು ಮುಖ್ಯರಾಗುವುದು ಕಂದಾಯ ಸಚಿವರಾಗಿ, ಇನಾಂ ರದ್ದತಿ ಮತ್ತು ಗೇಣಿ ಸುಧಾರಣೆಗಾಗಿ ದುಡಿದ ವಕೀಲರಾಗಿ. ಅವರು ಕಾದಂಬರಿ ಬರೆದರು, ಆತ್ಮಕಥೆ ಬರೆದರು. ಕನ್ನಡವೂ ಕಾನೂನೂ ಬೇರೆ ಬೇರೆ ಮನೆಯವು ಅನ್ನುವವರು ಅವರ ಬದುಕನ್ನು ನೋಡಬೇಕು. ಇದೇ ತಾಲ್ಲೂಕಿನ ಆರಗದಲ್ಲಿ 1931ರಲ್ಲಿ ಹುಟ್ಟಿದ ಎಂ. ರಾಮಾ ಜೋಯಿಸರು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಭಾರತದ ಕಾನೂನು ಮತ್ತು ಸಂವಿಧಾನದ ಇತಿಹಾಸದ ಬಗ್ಗೆ ಅವರು ಬರೆದ ಗ್ರಂಥವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಇನ್ನೊಂದು ಸಂಗತಿಯನ್ನು ವಕೀಲರ ಸಭೆಯಲ್ಲಿ ಹೇಳುವುದು ಸ್ವಲ್ಪ ಕಷ್ಟ, ಆದರೂ ಹೇಳಬೇಕು. ಮಲೆನಾಡಿನ ಬದುಕನ್ನು ಬುಡದಿಂದ ಬದಲಿಸಿದ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿ. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಭೂಮಿಯ ಒಡೆಯರಾದರು. ಆ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ, ಕಾಯ್ದೆಯೇ ನಿಷೇಧಿಸಿತ್ತು. ಬಡ ಒಕ್ಕಲಿಗೆ ನಾವು ನೆರವಾಗುವುದಕ್ಕಿಂತ ಅಡ್ಡಿಯಾಗುವುದೇ ಹೆಚ್ಚು ಎಂದು ಶಾಸನಸಭೆ ಭಾವಿಸಿತ್ತು. ಅದು ಪೂರ್ತಿ ಸರಿಯೆಂದು ನಾನು ಹೇಳುವುದಿಲ್ಲ. ಮಂಡಳಿಯ ಆದೇಶದ ಮೇಲೆ ಹೈಕೋರ್ಟಿಗೆ ರಿಟ್ ಹೋದಾಗ ಇದೇ ಒಕ್ಕಲುಗಳು ವಕೀಲರಿಗಾಗಿ ಬೆಂಗಳೂರಿನಲ್ಲಿ ಅಲೆದದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆದರೆ ಶಾಸನಸಭೆಗೆ ನಮ್ಮ ಬಗ್ಗೆ ಹಾಗೆ ಯಾಕೆ ಅನ್ನಿಸಿತು ಎಂಬುದನ್ನು ಸಂಕಿರಣದ ಈ ಎರಡು ದಿನಗಳಲ್ಲಿ ಒಮ್ಮೆಯಾದರೂ ಯೋಚಿಸಿ.

ಇವತ್ತಿನ ಕೇಸುಗಳು ಬೇರೆ. ಬಗರ್ ಹುಕುಂ, ಸೊಪ್ಪಿನಬೆಟ್ಟ, ಕಾನು, ಡೀಮ್ಡ್ ಫಾರೆಸ್ಟ್, ಪೋಡಿಯಾಗದ ಸರ್ವೆ ನಂಬರು. ಶರಾವತಿ ಮುಳುಗಡೆಯವರ ವಿಷಯವನ್ನೇ ತೆಗೆದುಕೊಳ್ಳಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆ ಮಠ ಬಿಟ್ಟು ಬಂದವರನ್ನು ಕಾಡಂಚಿಗೆ ತಂದು ಕೂರಿಸಿದರು. ದಶಕಗಳ ನಂತರ ಆ ಭೂಮಿಯನ್ನು ಅರಣ್ಯದಿಂದ ಬಿಡಿಸಿ ಸರ್ಕಾರ ಹೊರಡಿಸಿದ ಆದೇಶಗಳು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕೇಳುವ ಕೇಂದ್ರದ ಪೂರ್ವಾನುಮತಿ ಇರಲಿಲ್ಲ. ಒಂದು ಅನುಮತಿ ಪತ್ರ ಇಲ್ಲದ್ದಕ್ಕೆ ಮೂರನೆಯ ತಲೆಮಾರು ಈಗಲೂ ಹಕ್ಕುಪತ್ರಕ್ಕೆ ಕಾಯುತ್ತಿದೆ. 1980ರ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ, ನಮ್ಮ ಭೂ ಕಂದಾಯ ಕಾಯ್ದೆ, ಈ ಮೂರನ್ನೂ ಒಟ್ಟಿಗಿಟ್ಟು ಓದಬಲ್ಲ, ಜೊತೆಗೆ ಹಳೆಯ ಕೈಬರಹದ ಪಹಣಿಯನ್ನೂ ಓದಬಲ್ಲ ಕಿರಿಯ ವಕೀಲರು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೆ ಬೇಕು. ಹತ್ತು ಜನ ಸಿಕ್ಕರೂ ಹತ್ತು ಜನಕ್ಕೂ ಜೀವಮಾನದ ಕೆಲಸವಿದೆ.

ಕುಪ್ಪಳ್ಳಿಯಲ್ಲಿ ನಿಂತಿರುವುದರಿಂದ ಒಂದು ಅಡ್ಡಮಾತು. ಕುವೆಂಪು ರೂಪಿಸಿದ ಸರಳ ಮದುವೆಯ ಪದ್ಧತಿಯಾದ ಮಂತ್ರ ಮಾಂಗಲ್ಯದಲ್ಲಿ ಮದುವೆಯಾಗುವ ಹುಡುಗ ಹುಡುಗಿಯರು ನಮ್ಮ ಬಳಿ ಬಂದು 'ಇದು ಕಾನೂನಿಗೆ ಆಗುತ್ತದಾ ಸಾರ್?' ಎಂದು ಕೇಳುತ್ತಾರೆ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ರೂಢಿಯ ಶಾಸ್ತ್ರಗಳನ್ನು ಕೇಳುತ್ತದೆ. ತಮಿಳುನಾಡು 1967ರಲ್ಲಿ ತಿದ್ದುಪಡಿ ತಂದು ಅಲ್ಲಿನ ಸ್ವಾಭಿಮಾನ ಮದುವೆಗಳಿಗೆ ಮಾನ್ಯತೆ ಕೊಟ್ಟಿತು. ನಮ್ಮಲ್ಲಿ ಅಂಥದ್ದು ಬಂದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ನೋಂದಾಯಿಸಿಕೊಳ್ಳಿ ಎಂದೇ ನಾನು ಸಲಹೆ ಕೊಡುವುದು. ಕುವೆಂಪು ಕಟ್ಟಿಕೊಟ್ಟ ಮದುವೆಗೆ ಕರ್ನಾಟಕದ ಶಾಸನದಲ್ಲಿ ಒಂದು ಸಾಲಿನ ಜಾಗವಿರಬೇಕಿತ್ತು. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಆ ತಿದ್ದುಪಡಿಯ ಕರಡು ಬರೆಯಲು ಕೂತರೆ ನಾನು ಪಕ್ಕದಲ್ಲಿ ಕೂರುತ್ತೇನೆ.

ಈಗ ಓದಿನ ವಿಷಯ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಐದು ವರ್ಷದ ಕೋರ್ಸು ತೆರೆದು ದೇಶದ ಕಾನೂನು ಶಿಕ್ಷಣದ ದಿಕ್ಕು ಬದಲಿಸಿತು. ಅದು ನಮ್ಮ ರಾಜ್ಯದಲ್ಲೇ ಇರುವುದು ಹೆಮ್ಮೆ. ಆದರೆ ಅಲ್ಲಿಗೆ ಹೋಗುವ ಬಾಗಿಲಾದ ಕ್ಲಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಕೋಣಂದೂರಿನಲ್ಲೋ ರಿಪ್ಪನ್‌ಪೇಟೆಯಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಆ ಬಾಗಿಲು ಎಷ್ಟು ತೆರೆದಿರುತ್ತದೆ, ನೀವೇ ಹೇಳಿ. ಅವಳು ಬಿ.ಎ. ಮುಗಿಸಿ, ಶಿವಮೊಗ್ಗಕ್ಕೆ ಬಸ್ಸು ಹಿಡಿದು, ಅಲ್ಲಿನ ಕಾಲೇಜಿನಲ್ಲಿ ಓದಿ, ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಮೂರು ವರ್ಷದ ಪದವಿ ಪಡೆಯುತ್ತಾಳೆ. ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು ಎಂಬುದು ಅವಳಿಗೆ ತಿಳಿದಿರಲಿ. ಸನ್ನದು ನೋಂದಣಿಗೆ ಸಾವಿರಾರು ರೂಪಾಯಿ ಕಟ್ಟಬೇಕಾಗಿದ್ದ ಕಾಲವೂ ಹೋಯಿತು. 2024ರ ಜುಲೈ 30ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, 1961ರ ವಕೀಲರ ಕಾಯ್ದೆ ಹೇಳಿರುವ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ, ಇದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದಿತು. ಹೆಚ್ಚು ಕೇಳಿದರೆ ಈ ತೀರ್ಪು ತೋರಿಸಿ.

ಅವಳ ನಿಜವಾದ ಕಷ್ಟ ಶುರುವಾಗುವುದು ಕಪ್ಪು ಕೋಟು ಹಾಕಿದ ಮೇಲೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ 3 ವರ್ಷದ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯ ಮಾಡಿತು. ನಮ್ಮ ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಆಯೋಗದ ಶಿಫಾರಸಿನ ಮೇಲೆ 2002ರಲ್ಲಿ ತೆಗೆದುಹಾಕಿದ್ದ ನಿಯಮ ಅದು. ನನ್ನ ಅಭಿಪ್ರಾಯ ಕೇಳಿದರೆ, ಈ ನಿಯಮ ಒಳ್ಳೆಯದು. 'ಯಾವ ಹಳ್ಳ?' ಎಂಬ ಪ್ರಶ್ನೆಯ ತೂಕ ಗೊತ್ತಿಲ್ಲದವರು ನ್ಯಾಯಪೀಠದಲ್ಲಿ ಕೂರಬಾರದು. ಆದರೆ ಆ ಮೂರು ವರ್ಷ ಅವಳಿಗೆ ಊಟ ಹಾಕುವವರು ಯಾರು? ಅಪ್ಪ ವಕೀಲರಾಗಿರುವ ಮನೆಯ ಮಗ ಕಾಯಬಲ್ಲ. ಕೂಲಿ ಮಾಡುವ ತಾಯಿಯ ಮಗಳು ಆರು ತಿಂಗಳು ನೋಡಿ, ಶಿವಮೊಗ್ಗದಲ್ಲಿ ಯಾವುದೋ ಫೈನಾನ್ಸ್ ಕಂಪನಿಯ ಕೆಲಸಕ್ಕೆ ಸೇರುತ್ತಾಳೆ. ಹಾಗೆ ಹೋದವರನ್ನು ನಾನು ಬೆರಳೆಣಿಕೆಗೆ ಮೀರಿ ಕಂಡಿದ್ದೇನೆ. ಅವರಲ್ಲಿ ಇಬ್ಬರು ನನಗಿಂತ ಚೆನ್ನಾಗಿ ಕರಡು ಬರೆಯುತ್ತಿದ್ದರು.

ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಆದೇಶವಲ್ಲ. ತಾಲ್ಲೂಕಿನ ಎಲ್ಲ ಸೀನಿಯರ್‌ಗಳ ಗಳಿಕೆಯೂ ಅಷ್ಟಿಲ್ಲ, ಅದು ನನಗೆ ಗೊತ್ತು. ಆದರೆ 'ನಮ್ಮ ಕಾಲದಲ್ಲಿ ಸೀನಿಯರ್ ಒಂದು ರೂಪಾಯಿ ಕೊಟ್ಟಿರಲಿಲ್ಲ' ಎನ್ನುವ ಮಾತನ್ನು ಬಾರ್ ರೂಮಿನಲ್ಲಿ ಹೆಮ್ಮೆಯಿಂದ ಹೇಳುವುದನ್ನು ನಾವು ನಿಲ್ಲಿಸಬೇಕು. ಬೆಳಿಗ್ಗೆ ಫೈಲು ಹೊರುವುದು, ವಾಯಿದೆ ಕೇಳುವುದು, ನಕಲು ಅರ್ಜಿ ಹಾಕುವುದು, ಸಂಜೆ ಕಕ್ಷಿದಾರರ ಮಾತು ಬರೆದುಕೊಳ್ಳುವುದು, ಇವೆಲ್ಲ ದುಡಿಮೆ. ದುಡಿಮೆಗೆ ಕೂಲಿ ಇರಬೇಕು. ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ವರ್ಗಗಳ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತದೆ. ಆ ಅರ್ಜಿಗೆ ಸಹಿ ಹಾಕಿಕೊಡುವುದಕ್ಕೂ ಬೇಸರಿಸುವ ಹಿರಿಯರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಅಧ್ಯಾಪಕರಲ್ಲಿ ಒಂದು ಕೋರಿಕೆ. ಅಣಕು ನ್ಯಾಯಾಲಯದ ಸ್ಪರ್ಧೆಗಳು ನಡೆಯಲಿ. ಅದರ ಜೊತೆಗೆ ವರ್ಷಕ್ಕೊಂದು ಸಲ ವಿದ್ಯಾರ್ಥಿಗಳನ್ನು ಒಂದು ತೋಟಕ್ಕೆ ಕರೆದುಕೊಂಡು ಹೋಗಿ, ಪಹಣಿ ಮತ್ತು ನಕ್ಷೆ ಕೈಗೆ ಕೊಟ್ಟು, ಚಕ್ಕುಬಂದಿ ಬರೆಸಿ. ಮೂಡಲಿಗೆ ಏನು, ಪಡುವಲಿಗೆ ಏನು, ಅಗಳು ಯಾರದ್ದು, ದರಕಿನ ದಾರಿ ಎಲ್ಲಿ ಹಾಯುತ್ತದೆ. ಕನ್ನಡದಲ್ಲಿ ಬರೆಸಿ. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಕನ್ನಡದ ದಾವೆ ಸ್ವೀಕರಿಸುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಬರೆಯುವವರು ಕಡಿಮೆ, ಅಷ್ಟೇ.

ನನ್ನ ಕಚೇರಿಯಲ್ಲಿ ಈಗ ಇಬ್ಬರು ಕಿರಿಯರಿದ್ದಾರೆ. ಈ ತಿಂಗಳಿನಿಂದ ಅವರಿಬ್ಬರಿಗೂ ಪರಿಷತ್ತು ಹೇಳಿದ ಮೊತ್ತ ಕೊಡುತ್ತೇನೆ ಎಂದು ನಿಮ್ಮೆಲ್ಲರ ಎದುರು ಮಾತು ಕೊಡುತ್ತಿದ್ದೇನೆ. ಮೂರೂ ತಾಲ್ಲೂಕುಗಳ ವಕೀಲರ ಸಂಘಗಳಲ್ಲಿ ನನ್ನ ವಿನಂತಿ ಇಷ್ಟು: ನಾಳೆ ಸಂಜೆ ಸಂಕಿರಣ ಮುಗಿಯುವುದರೊಳಗೆ, ಕಿರಿಯರ ಭತ್ಯೆಗಾಗಿ ಪ್ರತಿ ಸಂಘದಲ್ಲೂ ಒಂದು ನಿಧಿ ತೆರೆಯುವ ನಿರ್ಣಯಕ್ಕೆ ಇದೇ ಸಭಾಂಗಣದಲ್ಲಿ ಸಹಿ ಹಾಕಿ ಹೋಗೋಣ.