ಖಾನಾವಳಿಯ ಹಲಗೆಯೂ ಉಣ್ಣುವವನ ಕುಲವೂ



ಬೆಂಗಳೂರಿನ ಹೊರವಲಯದ ಪೀಣ್ಯದ ಕಾರ್ಖಾನೆಗಳಿಗೆ ಧಾರವಾಡ, ವಿಜಯಪುರ, ಕಲಬುರಗಿ ಸೀಮೆಗಳಿಂದ ದುಡಿಯಲು ಬಂದವರು ಬಹುಮಂದಿ. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿಗಳನ್ನು ಬಡಿಸಿ ಇವರಿಗೆ ತವರನ್ನು ನೆನಪಿಗೆ ತರುವ ಭೋಜನಗೃಹಗಳು "ಲಿಂಗಾಯತ ಖಾನಾವಳಿ" ಎಂಬ ಹಲಗೆಯನ್ನು ತೂಗಹಾಕುವುದು ರೂಢಿ. ಆ ಹಲಗೆಯು ಅಡಿಗೆ ಎಂತಹುದೆಂಬುದನ್ನು ಹೇಳುತ್ತದೆಯೋ, ಉಣ್ಣತಕ್ಕವನು ಯಾರೆಂಬುದನ್ನು ಹೇಳುತ್ತದೆಯೋ ಎಂಬುದೇ ಇಲ್ಲಿಯ ವಿಚಾರ.

ಅಂತಹ ಖಾನಾವಳಿಯ ಒಡೆಯನೊಬ್ಬನು ನಿಷ್ಠಾವಂತ ಭಕ್ತನೆಂದು ಕಲ್ಪಿಸಿಕೊಳ್ಳಬಹುದು. ಲಿಂಗಪೂಜೆ ತೀರದೆ ಆತನು ಒಲೆ ಹೊತ್ತಿಸುವುದಿಲ್ಲ. ಮದ್ಯಮಾಂಸಗಳಿಗೆ ಅಲ್ಲಿ ಪ್ರವೇಶವಿಲ್ಲ. "ಬಂದವನ ಕುಲಮತಗಳನ್ನು ಕೇಳಿ ಒಳಗೆ ಬಿಡುವುದೂ ನನ್ನ ಧರ್ಮಸ್ವಾತಂತ್ರ್ಯವಲ್ಲವೆ?" ಎಂದು ಆತನು ಕೇಳಿದರೆ, ಆ ಪ್ರಶ್ನೆಯನ್ನು ಹಗುರವೆಂದು ತಳ್ಳಲಾಗದು.

ಸ್ವಾತಂತ್ರ್ಯವೇನೋ ಉಂಟು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 25ನೆಯ ವಿಧಿಯು ಅದನ್ನು ಕೊಟ್ಟಿದೆ. ಆದರೆ ಆ ವಿಧಿಯ ಮೊದಲ ಮಾತನ್ನು ಅನೇಕರು ಓದದೆಯೇ ದಾಟುತ್ತಾರೆ: ಸಾರ್ವಜನಿಕ ಶಾಂತಿ, ಸದಾಚಾರ, ಆರೋಗ್ಯಗಳಿಗೂ ಅದೇ ಭಾಗದ ಇತರ ವಿಧಿಗಳಿಗೂ ಒಳಪಟ್ಟೇ ಈ ಸ್ವಾತಂತ್ರ್ಯವು ನಿಂತಿದೆ. ಆ ಇತರ ವಿಧಿಗಳಲ್ಲಿ 15ನೆಯದೂ ಒಂದು. ಧರ್ಮ, ಜನಾಂಗ, ಜಾತಿ, ಸ್ತ್ರೀಪುರುಷಭೇದ, ಜನ್ಮಸ್ಥಳಗಳ ಕಾರಣದಿಂದಲೇ ಯಾವ ಪ್ರಜೆಯನ್ನೂ ಅಂಗಡಿ, ಹೋಟೆಲು, ಸಾರ್ವಜನಿಕ ಭೋಜನಗೃಹಗಳಿಂದ ತಡೆಯಲಾಗದೆಂದು ಅದರ ಎರಡನೆಯ ಖಂಡವು ವಿಧಿಸುತ್ತದೆ. ಅಸ್ಪೃಶ್ಯತೆಯ ಕಾರಣದಿಂದ ಪಾತ್ರೆ ಲೋಟಗಳನ್ನು ನಿರಾಕರಿಸುವವನಿಗಂತೂ, 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಶಾಸನವೆಂದು ಕರೆಯಲ್ಪಡುವ 1955ರ ಶಾಸನವು ಒಂದರಿಂದ ಆರು ತಿಂಗಳ ಸೆರೆಮನೆಯನ್ನೂ ದಂಡವನ್ನೂ ಇಟ್ಟಿದೆ.

ಅಂಗಡಿಯ ಮಾತು ಹಾಗಿರಲಿ, ಗುಡಿಯ ಬಾಗಿಲಲ್ಲಿಯೂ ಈ ಪ್ರಶ್ನೆ ಎದ್ದಿತ್ತು. ಮೂಲ್ಕಿಯ ಶ್ರೀ ವೆಂಕಟರಮಣ ದೇವಸ್ಥಾನವು ಗೌಡ ಸಾರಸ್ವತ ಸಮಾಜಕ್ಕೆ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಒಪ್ಪಿತು. ಒಪ್ಪಿಯೂ, ಇತರರ ಪ್ರವೇಶವನ್ನು ಸಂಪೂರ್ಣವಾಗಿ ತಡೆಯುವ ಅಧಿಕಾರವು ಆ ಸಮಾಜಕ್ಕಿಲ್ಲವೆಂದಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಸ್ವಸಮಾಜಕ್ಕೆ ಉಳಿಸಿಕೊಟ್ಟಿತು. ದೇವರ ಸನ್ನಿಧಿಯಲ್ಲಿಯೇ ಇಷ್ಟಾದ ಮೇಲೆ, ಹಣ ಪಡೆದು ಅನ್ನವಿಕ್ಕುವ ಸ್ಥಳದಲ್ಲಿ ಹೆಚ್ಚಿನ ಅಧಿಕಾರವನ್ನು ಬೇಡುವುದೆಂತು?

ಹಾಗೆಂದು ಭಕ್ತನು ಮಾಂಸವನ್ನು ಬೇಯಿಸಬೇಕೆಂದು ಯಾರೂ ಹೇಳಿಲ್ಲ. ಮಾಂಸ ಕೇಳಿದವನಿಗೆ ಇಲ್ಲವೆಂದಾಗ ನಿರಾಕೃತವಾದದ್ದು ಪದಾರ್ಥ. ಕುಲ ಕೇಳಿ ಇಲ್ಲವೆಂದಾಗ ನಿರಾಕೃತನಾದವನು ಮನುಷ್ಯ. ಅಡಿಗೆಮನೆಯಲ್ಲಿ ಒಡೆಯನ ನಿಷ್ಠೆಯು ನಡೆಯಲಿ. ಹೊಸ್ತಿಲ ಮೇಲೆ ಅದರ ಅಧಿಕಾರ ನಡೆಯದು.

ಇದು ಶಾಸನದಿಂದ ಹೊರಿಸಿದ ಹೊಸ ಭಾರವೆಂದು ಗೊಣಗುವವರು ಕಲ್ಯಾಣವನ್ನು ಮರೆತವರು. ಅಸ್ಪೃಶ್ಯನೆನಿಸಿದ ಶರಣನ ಮನೆಯಲ್ಲಿ ಬಸವಣ್ಣನವರು ಉಂಡರೆಂಬ ದೂರು ಬಿಜ್ಜಳನವರೆಗೆ ಹೋಯಿತೆಂದು ಪುರಾಣಗಳು ಹೇಳುತ್ತವೆ. ಆ ದೂರಿನಲ್ಲಿ ಭಕ್ತರು ಇದ್ದದ್ದು ಉಂಡವರ ಪಕ್ಷದಲ್ಲಿ; ದೂರಿದವರ ಪಕ್ಷದಲ್ಲಲ್ಲ.

ಆದರೆ ಶಾಸನದ ಕೈ ಎಲ್ಲೆಡೆಗೂ ನೀಡಿಲ್ಲ. ವೈಟ್‌ಫೀಲ್ಡಿನಲ್ಲಾಗಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ಬಾಡಿಗೆಮನೆಯನ್ನು ಅರಸಿ ಹೋದ ತರುಣನಿಗೆ ಸಂಬಳಕ್ಕಿಂತ ಮೊದಲು ಊಟವನ್ನೂ, ಊಟದ ನೆಪದಲ್ಲಿ ಮತವನ್ನೂ ಕುಲವನ್ನೂ ಕೇಳುವುದುಂಟು. ಖಾಸಗಿ ಮನೆಯ ಬಾಡಿಗೆಗೆ ಅನ್ವಯಿಸುವ ಸಾಮಾನ್ಯವಾದ ಭೇದನಿಷೇಧ ಶಾಸನವು ದೇಶದಲ್ಲಿ ಇನ್ನೂ ಇಲ್ಲ. ಹಾಗೆ ಕೇಳುವ ಮನೆಯೊಡೆಯನ ಕೊರಳಲ್ಲಿ ಕೆಲವೊಮ್ಮೆ ಇಷ್ಟಲಿಂಗವೂ ಇರುತ್ತದೆ.