ಹಂಗಾಮಿ ಕೋಚ್ ಗೆದ್ದ ಕಪ್: ರಾಬರ್ಟೊ ಡಿ ಮ್ಯಾಟಿಯೊ ಕಥೆ

ಇವತ್ತಿನ ಕಥೆಯನ್ನ ಒಂದು ಕಾರ್ನರ್ ಕಿಕ್‌ನಿಂದ ಶುರು ಮಾಡ್ತೀನಿ.

2012ರ ಮೇ 19, ಚಾಂಪಿಯನ್ಸ್ ಲೀಗ್ ಫೈನಲ್. ಒಂದು ಕಡೆ ಬಯರ್ನ್ ಮ್ಯೂನಿಕ್, ಇನ್ನೊಂದು ಕಡೆ ಚೆಲ್ಸಿ. ಆಟ ನಡೀತಾ ಇರೋದು ಬಯರ್ನ್‌ನ ಸ್ವಂತ ಮೈದಾನದಲ್ಲೇ. ನಮ್ಮ ಕಡೆ ಆಗ ನಡುರಾತ್ರಿ ದಾಟಿತ್ತು. ಹೈಸ್ಕೂಲ್ ಹುಡುಗ ನಾನು, ಮನೆಯವರು ಎದ್ದಾರು ಅಂತ ಟಿವಿ ಮ್ಯೂಟ್ ಮಾಡಿ ಕೂತಿದ್ದೆ. ಆ ರಾತ್ರಿ ಬಯರ್ನ್‌ಗೆ ಸಿಕ್ಕ ಕಾರ್ನರ್‌ಗಳು 20. 83ನೇ ನಿಮಿಷದಲ್ಲಿ ಮುಲ್ಲರ್ ಗೋಲ್ ಹೊಡೆದಾಗ, ಮುಗೀತು ಅಂದ್ಕೊಂಡೆ. 88ನೇ ನಿಮಿಷದಲ್ಲಿ ಚೆಲ್ಸಿಗೆ ಅವರ ಮೊದಲ ಕಾರ್ನರ್ ಸಿಕ್ತು. ಮಾಟಾ ಒದ್ದರು, ಡ್ರೋಗ್ಬಾ ಹೆಡ್ ಮಾಡಿದರು. ಗೋಲ್!

ಕೊನೆಗೆ ಪೆನಾಲ್ಟಿಯಲ್ಲಿ ಚೆಲ್ಸಿ ಗೆದ್ದಿತು. ಆ ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಚಾಂಪಿಯನ್ಸ್ ಲೀಗ್ ಕಪ್. ಆಗ ಆ ತಂಡದ ಕೋಚ್ ಆಗಿದ್ದವರು ರಾಬರ್ಟೊ ಡಿ ಮ್ಯಾಟಿಯೊ. ಅವರ ಹುದ್ದೆಯ ಹಿಂದೆ ಇನ್ನೂ 'ಹಂಗಾಮಿ' ಅನ್ನೋ ಪದ ಅಂಟಿಕೊಂಡೇ ಇತ್ತು.

ಡಿ ಮ್ಯಾಟಿಯೊ ಇಟಲಿಯವರು, ಆದರೆ ಹುಟ್ಟಿದ್ದು ಸ್ವಿಟ್ಜರ್ಲೆಂಡ್‌ನ ಶಾಫ್‌ಹೌಸನ್‌ನಲ್ಲಿ, 1970ರಲ್ಲಿ. ಮೊದಲು ಆಡಿದ್ದೂ ಸ್ವಿಸ್ ಕ್ಲಬ್‌ಗಳಲ್ಲೇ. ಅಲ್ಲಿಂದ ರೋಮ್‌ನ ಲಾಜಿಯೊ, 1996ರಲ್ಲಿ ಚೆಲ್ಸಿ. ಮಿಡ್‌ಫೀಲ್ಡರ್. ಇಟಲಿ ಪರ 34 ಪಂದ್ಯ. ದೊಡ್ಡ ಫೈನಲ್‌ಗಳಲ್ಲಿ ಗೋಲ್ ಹೊಡೆಯೋದು ಇವರಿಗೆ ಅಭ್ಯಾಸ ಆಗಿಬಿಟ್ಟಿತ್ತು. 1997ರ ಎಫ್‌ಎ ಕಪ್ ಫೈನಲ್ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ, ದೂರದಿಂದಲೇ ಹೊಡೆದು ಬಲೆಗೆ ಸೇರಿಸಿದ್ದರು. 2000ದ ಎಫ್‌ಎ ಕಪ್ ಫೈನಲ್‌ನಲ್ಲಿ ಆಸ್ಟನ್ ವಿಲ್ಲಾ ವಿರುದ್ಧದ ಏಕೈಕ ಗೋಲ್ ಕೂಡ ಇವರದೇ. ವಿಲ್ಲಾ ಹೆಸರು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಅದೇ ವರ್ಷ ಯುಇಎಫ್‌ಎ ಕಪ್ ಪಂದ್ಯವೊಂದರಲ್ಲಿ ಕಾಲು ಮುರೀತು. ಸಣ್ಣ ಪೆಟ್ಟಲ್ಲ, ಮೂಳೆ ಮೂರು ಕಡೆ ಮುರಿದಿತ್ತು. ವರ್ಷಕ್ಕೂ ಹೆಚ್ಚು ಕಾಲ ಪ್ರಯತ್ನಪಟ್ಟು, 2002ರಲ್ಲಿ, 31ನೇ ವಯಸ್ಸಿಗೇ ಆಟ ಬಿಟ್ಟರು. ನನಗೀಗ ಮೂವತ್ತಕ್ಕೆ ಹತ್ತಿರ. ಈ ವಯಸ್ಸಲ್ಲಿ 'ನಿನ್ನ ಕೆಲಸ ಮುಗೀತು' ಅಂದ್ರೆ ಹೇಗಿರುತ್ತೆ ಅಂತ ಯೋಚನೆ ಬರುತ್ತೆ.

ಆರು ವರ್ಷ ಬಿಟ್ಟು ಕೋಚ್ ಆಗಿ ಶುರು ಮಾಡಿದ್ದು ಇಂಗ್ಲೆಂಡ್‌ನ ಮೂರನೇ ಹಂತದ ಲೀಗ್‌ನಲ್ಲಿ, ಎಂಕೆ ಡಾನ್ಸ್ ಜೊತೆ. ಆಮೇಲೆ ವೆಸ್ಟ್ ಬ್ರಾಮ್. ಅವರನ್ನ 2010ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿಸಿದರು, 2011ರ ಫೆಬ್ರವರಿಯಲ್ಲಿ ಅದೇ ಕ್ಲಬ್ ಮನೆಗೆ ಕಳಿಸಿತು. ಆ ಬೇಸಿಗೆಯಲ್ಲಿ ಚೆಲ್ಸಿಗೆ ವಾಪಸ್ ಬಂದರು, ಸಹಾಯಕ ಕೋಚ್ ಆಗಿ. ಮುಖ್ಯ ಕೋಚ್ ಆಂಡ್ರೆ ವಿಲ್ಲಾಸ್-ಬೋವಾಸ್ ಇವರಿಗಿಂತ ಏಳು ವರ್ಷ ಚಿಕ್ಕವರು!

2012ರ ಮಾರ್ಚ್ 4ರಂದು ಬೋವಾಸ್ ಕೆಲಸ ಹೋಯ್ತು. ಸೀಸನ್ ಮುಗಿಯೋವರೆಗೆ ನೀನು ನೋಡ್ಕೋ ಅಂತ ಡಿ ಮ್ಯಾಟಿಯೊಗೆ ಒಪ್ಪಿಸಿದರು. ಬಿಕಾಂ ಓದಿದವರಿಗೆ ಇದು ಗೊತ್ತು: ಟ್ರಯಲ್ ಬ್ಯಾಲೆನ್ಸ್ ಹೊಂದದಿದ್ರೆ ವ್ಯತ್ಯಾಸದ ಮೊತ್ತವನ್ನ ತಾತ್ಕಾಲಿಕವಾಗಿ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ. ತಪ್ಪು ಸಿಕ್ಕ ದಿನ ಆ ಅಕೌಂಟ್ ಕ್ಲೋಸ್. ಚೆಲ್ಸಿ ಡಿ ಮ್ಯಾಟಿಯೊ ಅವರನ್ನ ಇಟ್ಟಿದ್ದು ಅಲ್ಲೇ.

ಆಗ ಪರಿಸ್ಥಿತಿ ಏನು? ನಾಪೊಲಿ ವಿರುದ್ಧ ಮೊದಲ ಲೆಗ್ 3-1ರಿಂದ ಸೋತಾಗಿತ್ತು. ಆ ಪಂದ್ಯದಲ್ಲಿ ಲ್ಯಾಂಪಾರ್ಡ್, ಆಶ್ಲಿ ಕೋಲ್ ಇಬ್ಬರೂ ಶುರುವಿಗೆ ಬೆಂಚ್ ಮೇಲಿದ್ದರು. ಡಿ ಮ್ಯಾಟಿಯೊ ಹೊಸ ಸಿದ್ಧಾಂತ ಏನೂ ತರಲಿಲ್ಲ. ಹಿರಿಯರನ್ನ ವಾಪಸ್ ಕರೆದರು. ಎರಡನೇ ಲೆಗ್‌ನಲ್ಲಿ ಎಕ್ಸ್‌ಟ್ರಾ ಟೈಮ್‌ಗೆ ಹೋಗಿ 4-1. ಹೊಡೆದವರು ಯಾರು ನೋಡಿ: ಡ್ರೋಗ್ಬಾ, ಟೆರ್ರಿ, ಲ್ಯಾಂಪಾರ್ಡ್, ಇವಾನೊವಿಚ್.

ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ. ಮನೆಯಲ್ಲಿ 1-0 ಗೆಲುವು. ಕ್ಯಾಂಪ್ ನೌನಲ್ಲಿ 37ನೇ ನಿಮಿಷಕ್ಕೇ ನಾಯಕ ಟೆರ್ರಿಗೆ ರೆಡ್ ಕಾರ್ಡ್, ಸ್ವಲ್ಪ ಹೊತ್ತಿಗೆ 2-0 ಹಿಂದೆ. ರಾಮಿರೆಸ್ ಗೋಲಿಯ ತಲೆ ಮೇಲಿಂದ ಚೆಂಡನ್ನ ಮೆಲ್ಲಗೆ ಎತ್ತಿ ಹಾಕಿದರು. ಮೆಸ್ಸಿಯ ಪೆನಾಲ್ಟಿ ಅಡ್ಡಪಟ್ಟಿಗೆ ಬಡೀತು. ಕೊನೆಗೆ ಟೊರೆಸ್ ಒಬ್ಬರೇ ಓಡಿ ಹೋಗಿ ಹೊಡೆದರು. 2-2, ಫೈನಲ್‌ಗೆ ಟಿಕೆಟ್.

'ಬರೀ ಅದೃಷ್ಟ ಗುರೂ' ಅಂತ ಬಯರ್ನ್ ಫ್ಯಾನ್ ಆದ ನನ್ನ ಫ್ರೆಂಡ್ ಈಗಲೂ ಅಂತಾನೆ. ಅದೃಷ್ಟ ಇತ್ತು, ಒಪ್ತೀನಿ. ಆದರೆ ಫೈನಲ್‌ಗೆ ಟೆರ್ರಿ, ಇವಾನೊವಿಚ್, ರಾಮಿರೆಸ್, ಮೇರೆಲೆಸ್ ನಾಲ್ವರೂ ಸಸ್ಪೆಂಡ್. ಎಡಗಡೆ ಕೋಲ್ ಮುಂದೆ ಆಡಿಸೋಕೆ ಡಿ ಮ್ಯಾಟಿಯೊ ಆರಿಸಿದ್ದು ರಯಾನ್ ಬರ್ಟ್ರಾಂಡ್ ಅವರನ್ನ. 22ರ ಹುಡುಗ, ಚಾಂಪಿಯನ್ಸ್ ಲೀಗ್‌ನಲ್ಲಿ ಅವನ ಮೊಟ್ಟಮೊದಲ ಪಂದ್ಯವೇ ಫೈನಲ್! ಆ ಕಡೆಯಿಂದ ಬರ್ತಿದ್ದವರು ರಾಬೆನ್ ಮತ್ತು ಲಾಮ್. ಸೋತಿದ್ರೆ ಇವರನ್ನ ಇದೊಂದಕ್ಕೇ ಜೀವಮಾನ ಪೂರ್ತಿ ಬೈತಿದ್ರು. ತಾತ್ಕಾಲಿಕ ಕೆಲಸದಲ್ಲಿರೋರು ಸಾಮಾನ್ಯವಾಗಿ ಯಾರೂ ಬೈಯದ ದಾರಿ ಹುಡುಕ್ತಾರೆ. ಇವರು ಹುಡುಕಲಿಲ್ಲ. ನನಗೆ ಇವರ ಮೇಲೆ ಗೌರವ ಬಂದಿದ್ದು ಅಲ್ಲೇ.

ಜೂನ್‌ನಲ್ಲಿ ಎರಡು ವರ್ಷದ ಕಾಂಟ್ರಾಕ್ಟ್ ಸಿಕ್ತು, 'ಹಂಗಾಮಿ' ಹೋಯ್ತು. ನವೆಂಬರ್ 20ರಂದು ಯುವೆಂಟಸ್ ವಿರುದ್ಧ 3-0 ಸೋಲು, ಮರುದಿನ ಕೆಲಸವೂ ಹೋಯ್ತು. ಆಗ ಲೀಗ್‌ನಲ್ಲಿ ತಂಡ ಮೂರನೇ ಸ್ಥಾನದಲ್ಲಿತ್ತು, ಕಪ್ ಗೆದ್ದು ಪೂರಾ ಆರು ತಿಂಗಳು ಕಳೆದಿತ್ತು. ಅವರ ಜಾಗಕ್ಕೆ ರಫಾ ಬೆನಿಟೆಜ್ ಬಂದರು. ಅವರ ಹುದ್ದೆ ಏನು ಗೊತ್ತಾ? ಹಂಗಾಮಿ ಕೋಚ್.

ಆಮೇಲೆ ಜರ್ಮನಿಯ ಶಾಲ್ಕೆ. ರಿಯಲ್ ಮ್ಯಾಡ್ರಿಡ್‌ನ ಮೈದಾನಕ್ಕೇ ಹೋಗಿ 4-3 ಗೆದ್ದರೂ ಎರಡು ಲೆಗ್ ಸೇರಿ ಹೊರಬಿದ್ದರು, ಒಂದೇ ಸೀಸನ್‌ಗೆ ಅಲ್ಲಿಂದಲೂ ಹೊರಟರು. 2016ರಲ್ಲಿ ಎರಡನೇ ಹಂತಕ್ಕೆ ಬಿದ್ದಿದ್ದ ಆಸ್ಟನ್ ವಿಲ್ಲಾ ಕರೀತು. ಹೌದು, ಆ ವಿಲ್ಲಾನೇ. ಲೀಗ್‌ನಲ್ಲಿ 11 ಪಂದ್ಯ, ಒಂದೇ ಗೆಲುವು. ಅಕ್ಟೋಬರ್ ಶುರುವಿನಲ್ಲೇ ಅಲ್ಲೂ ಬಾಗಿಲು ಮುಚ್ಚಿತು.

ಮೊನ್ನೆ ಈ ಎಪಿಸೋಡ್‌ಗೋಸ್ಕರ ಆ ಫೈನಲ್ ಮತ್ತೆ ನೋಡಿದೆ, ಈ ಸಲ ಸೌಂಡ್ ಇಟ್ಟು. 88ನೇ ನಿಮಿಷಕ್ಕೆ ಏನಾಗುತ್ತೆ ಅಂತ ಗೊತ್ತಿದ್ರೂ ಕೂಗಿಬಿಟ್ಟೆ. ಪಕ್ಕದ ರೂಮಿನವರಿಗೆ ಸಾರಿ.