ಕೊಟ್ಟವರು, ಕಾದವರು

ಈಚೆಗೆ ನಾನು ಓದಿದ್ದು ಕಥೆಯಲ್ಲ, ಕಾದಂಬರಿಯಲ್ಲ, ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ, ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯದು. ಮೊದಲ ದಿನ ತೂಕಡಿಸಿದೆನೆಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಆದರೆ ಬಸ್ಸಿನ ಹಲಗೆಯ ಮೇಲೆ ದಿನವೂ ಕಾಣುವ ಊರುಗಳ ಹೆಸರು ಒಂದೊಂದಾಗಿ ಎದುರಾದಾಗ ನಿದ್ದೆ ಹಾರಿಹೋಯಿತು.

ಗೂಳೂರಿನ ಬಳಿಯ ಕೈದಾಳವೆಂದರೆ ನಮಗೆಲ್ಲ ಜಕಣಾಚಾರಿಯ ಕಥೆ ನೆನಪಾಗುತ್ತದೆ. ಶಾಸನ ಹೇಳುವುದು ಬೇರೊಬ್ಬನ ವಿಷಯ. ಹೊಯ್ಸಳ ನರಸಿಂಹನ ಕಾಲದಲ್ಲಿ, 12ನೆಯ ಶತಮಾನದಲ್ಲಿ, ಬಾಚಿ ಎಂಬ ಸಾಮಂತನಿದ್ದ. ಅವನು ಶಿವನಿಗೂ ಗುಡಿ ಕಟ್ಟಿಸಿದ, ವಿಷ್ಣುವಿಗೂ ಕಟ್ಟಿಸಿದ, ಜಿನನಿಗೆ ಬಸದಿಯನ್ನೂ ಎತ್ತಿಸಿದ. ಗುಡಿಗಳ ಜೊತೆಗೆ ಕೆರೆಗಳೂ ಉಂಟು.

ಇಂಥ ದತ್ತಿಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ಮನಸ್ಸಿಗೆ ತಟ್ಟಿತು. ಕೊಟ್ಟವನ ಹೊಗಳಿಕೆ ಮುಗಿದ ಮೇಲೆ ಶಾಸನ ನಿಲ್ಲುವುದಿಲ್ಲ. ಕೊಟ್ಟದ್ದನ್ನು ಕಾಪಾಡಿದವನಿಗೆ ಕೊಟ್ಟವನಿಗಿಂತ ಹೆಚ್ಚಿನ ಪುಣ್ಯ ಎನ್ನುತ್ತದೆ. ಅಳಿಸಿದವನಿಗೆ ಕಾಶಿಯಲ್ಲಿ ಗೋವನ್ನು ಕೊಂದ ಪಾಪ. ಕೆರೆಯ ಏರಿ ಕಾಯುವವನಿಗೆಂದು ಕಟ್ಟುಕೊಡಗೆಯ ಭೂಮಿಯನ್ನೂ ಬಿಟ್ಟಿರುತ್ತಾರೆ. ಕೆರೆ ತೋಡಿಸಿದರೆ ಸಾಲದು, ಮರುವರ್ಷ ಅದರ ಹೂಳೆತ್ತುವವನೂ ಉಣ್ಣಬೇಕು ಎಂಬ ಲೆಕ್ಕ ಅವರಿಗೆ ಗೊತ್ತಿತ್ತು.

ನಮಗೆ ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಏಳೆಂಟು ಮಂದಿ ಗೆಳೆಯರು ಹಣ ಕೂಡಿಸಿ ಗುಬ್ಬಿಯ ಕಡೆಯ ಒಂದು ಶಾಲೆಗೆ ಗಾಜಿನ ಬೀರುವನ್ನೂ ಪುಸ್ತಕಗಳನ್ನೂ ಕೊಟ್ಟೆವು. ಹಾರ, ಭಾಷಣ, ಉಪ್ಪಿಟ್ಟು, ಎಲ್ಲವೂ ಆಯಿತು. ಗೋಡೆಗೆ ನಮ್ಮ ಹೆಸರಿನ ಕಲ್ಲು ಕೂಡಿಸಿದರು. ಬೇಡವೆಂದು ಒಮ್ಮೆ ಹೇಳಿದೆ, ಎರಡನೆಯ ಸಲ ಹೇಳಲಿಲ್ಲ. ಮೊನ್ನೆ ಆ ದಾರಿಯಲ್ಲಿ ಬರುತ್ತ ಒಳಗೆ ಹೋದೆ. ಕಲ್ಲು ಹೊಳೆಯುತ್ತಿತ್ತು. ಬೀರುವಿನ ಬೀಗದ ಕೈ ಎಂದೋ ಕಳೆದಿತ್ತಂತೆ. ಕೆಳಗಿನ ಎರಡು ಸಾಲನ್ನು ಗೆದ್ದಲು ತಿಂದಿತ್ತು. ಶಾಲೆಯವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ಅಷ್ಟು ವರ್ಷಗಳಲ್ಲಿ ನಮ್ಮಲ್ಲಿ ಒಬ್ಬನಾದರೂ ಅತ್ತ ತಲೆ ಹಾಕಿದ್ದೆವೆ?

ಸಿದ್ಧಗಂಗೆಯನ್ನು ಇಲ್ಲಿ ನೆನೆಯದೆ ಇರಲಾಗದು. 2019ರಲ್ಲಿ, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ನಡೆಸಿಕೊಂಡು ಬಂದರು, ಜಾತಿ ಕೇಳಲಿಲ್ಲ. ಅದಕ್ಕಾಗಿ ತಾವೇ ಹಳ್ಳಿ ಹಳ್ಳಿ ಸುತ್ತಿ ಭಿಕ್ಷೆ ಎತ್ತಿದವರು. ಅಲ್ಲಿನ ಒಲೆ ಆರುವುದಿಲ್ಲವೆಂದು ಜನ ಹೇಳುತ್ತಾರೆ. ಆ ಮಾತಿನ ಹಿಂದೆ ಎಷ್ಟು ಸುಗ್ಗಿಗಳ ರಾಗಿ ಇರಬೇಕು, ಯೋಚಿಸಿ ನೋಡಿ! ಒಂದು ಸಲ ಕೊಟ್ಟು ಕೈ ತೊಳೆದುಕೊಂಡವರಿಂದ ಆ ಒಲೆ ಉರಿಯುವುದಿಲ್ಲ. ಈ ವರ್ಷ ಒಂದು ಪಲ್ಲ ಕೊಟ್ಟ ರೈತ ಬರುವ ವರ್ಷವೂ ಗಾಡಿ ಹೂಡಬೇಕು.

ಇನ್ನು ಕುಣಿಗಲ ಕೆರೆ. ಆ ಕೆರೆಯ ಹಾಡನ್ನು ಅರಿಯದ ಕನ್ನಡಿಗರು ಕಡಮೆ. ಹಾಡುವಾಗ ಏರಿಯ ಅಂದ ಕಣ್ಣಿಗೆ ಕಟ್ಟುತ್ತದೆ, ತೂಬು ಎತ್ತುವ ನೀರುಗಂಟಿಯ ನೆನಪು ಯಾರಿಗೂ ಬರುವುದಿಲ್ಲ. ನಡುರಾತ್ರಿ ಮಳೆ ಬಂದು ಕೋಡಿ ಬಿದ್ದರೆ ಕಂಬಳಿ ಹೊದ್ದು ಹೊರಡುತ್ತಿದ್ದವನು ಅವನೇ. ಗದ್ದೆ ಗದ್ದೆಗೂ ಸರದಿಯಂತೆ ನೀರು ಹಾಯಿಸಿ, ಕಣದಲ್ಲಿ ಇಷ್ಟು ಕಾಳು ಪಡೆಯುತ್ತಿದ್ದ. ಸಾರ್ವಜನಿಕ ಸೇವೆ ಎಂಬ ದೊಡ್ಡ ಮಾತನ್ನು ಅವನು ಕೇಳಿದ್ದನೋ ಇಲ್ಲವೋ.

ಗೆಳೆಯರಿಗೆ ಕಾಗದ ಬರೆದಿದ್ದೇನೆ. ಇಬ್ಬರು ಉತ್ತರ ಕೊಟ್ಟಿದ್ದಾರೆ. ಒಬ್ಬರು ಹೊಸದೊಂದು ಬೀರು ಕೊಡಿಸೋಣವೆಂದಿದ್ದಾರೆ, ಇನ್ನೊಬ್ಬರು ತಿಂಗಳ ಮೊದಲ ಶನಿವಾರ ತಾವೇ ಬಂದು ಪುಸ್ತಕ ಝಾಡಿಸುತ್ತೇನೆಂದಿದ್ದಾರೆ. ಎರಡನೆಯವರ ಜೊತೆ ಈ ಶನಿವಾರ ಗುಬ್ಬಿಯ ಬಸ್ಸು ಹತ್ತುತ್ತೇನೆ. ಬೀಗ ಮಾಡುವವನನ್ನೂ ಕರೆದುಕೊಂಡು ಹೋಗಬೇಕು.